ಪರಿಮಳ ಬಂದ ಮಾತ್ರಕ್ಕೆ ಗಾಳಿ ಚೊಕ್ಕಟ ಅಂತಲ್ಲ

(ಶಿಕ್ಷಕರು ಮತ್ತು ಪೋಷಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆರೇಳು ವರ್ಷದ ಮಕ್ಕಳ ಒಂದು ತರಗತಿಗೆ ಹೋಗಿದ್ದೆ. ಬಿಳಿ ಹಾಳೆ, ಬಣ್ಣದ ಪೆನ್ಸಿಲ್ ಕೊಟ್ಟು, 'ಕೊಳೆ ಗಾಳಿ ಎಲ್ಲಿರುತ್ತೆ, ಬರೆದು ತೋರಿಸಿ' ಅಂದೆ. ಹತ್ತು ನಿಮಿಷದಲ್ಲಿ ಹಾಳೆಗಳೆಲ್ಲ ತುಂಬಿದವು. ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ ಚಿತ್ರ. ಉದ್ದನೆಯ ಚಿಮಣಿ, ಅದರಿಂದ ಸುರುಳಿ ಸುರುಳಿಯಾಗಿ ಕಪ್ಪು ಹೊಗೆ, ಕೆಳಗೊಂದು ಲಾರಿ, ಅದರ ಹಿಂದೆಯೂ ಕಪ್ಪು ಹೊಗೆ. ಒಂದು ಹಾಳೆಯಲ್ಲಿ ಸೂರ್ಯ ಅಳುತ್ತಿದ್ದ. ಮನೆ ಬರೆದವರೂ ಇದ್ದರು, ಆದರೆ ಆ ಮನೆಗಳು ಹೊಗೆಯಿಂದ ತಪ್ಪಿಸಿಕೊಂಡು ಒಳಗೆ ಸೇರಿಕೊಳ್ಳುವ ಜಾಗಗಳು. ಬಾಗಿಲು, ಕಿಟಕಿ ಎಲ್ಲ ಭದ್ರವಾಗಿ ಮುಚ್ಚಿದ್ದವು.

'ಈ ಮನೆಯೊಳಗಿನ ಗಾಳಿ ಹೇಗಿದೆ ಪುಟ್ಟಾ?' ಅಂತ ಒಬ್ಬಳನ್ನು ಕೇಳಿದೆ. 'ಚೆನ್ನಾಗಿದೆ ಮಿಸ್. ನಮ್ಮಮ್ಮ ದಿನಾ ಸ್ಪ್ರೇ ಹೊಡೀತಾರೆ, ಹೂವಿನ ವಾಸನೆ ಬರುತ್ತೆ' ಅಂದಳು.

ಅವಳದೇನೂ ತಪ್ಪಿಲ್ಲ. ನಾವು ದೊಡ್ಡವರು ಹೇಳಿಕೊಟ್ಟಿದ್ದನ್ನೇ ಅವಳು ಹೇಳಿದಳು. ಗಾಳಿ ಕೆಡುವುದು ಎಲ್ಲೋ ದೂರದಲ್ಲಿ. ಮನೆ ಅಂದರೆ ಚೊಕ್ಕಟ, ಪರಿಮಳ ಬಂದರೆ ಇನ್ನೂ ಚೊಕ್ಕಟ. ಚಿಕ್ಕ ಮಕ್ಕಳಿಗೆ ಗಾಳಿಯ ಬಗ್ಗೆ ಹೇಳಿಕೊಡುವುದಾದರೆ ಚಿಮಣಿಯನ್ನು ಸ್ವಲ್ಪ ದಿನ ಪಕ್ಕಕ್ಕಿಟ್ಟು, ಮಗು ದಿನಾ ನೋಡುವ, ಮುಟ್ಟುವ, ಮೂಸುವ ವಸ್ತುಗಳಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಮಾತು. ಮೇಣದಬತ್ತಿ, ಸ್ಪ್ರೇ ಡಬ್ಬಿ, ಒಲೆ, ಪೊರಕೆ, ಸೊಳ್ಳೆ ಬತ್ತಿ, ಪೇಂಟಿನ ಡಬ್ಬ. ಇಷ್ಟರಲ್ಲೇ ಇಡೀ ಪಾಠ ಇದೆ.

'ಇಷ್ಟು ಚಿಕ್ಕವರಿಗೆ ಇದೆಲ್ಲ ಈಗಲೇ ಬೇಕಾ?' ಅಂತ ಕೇಳುವವರಿದ್ದಾರೆ. ಬೇಕು. ಯಾಕೆಂದರೆ ಕೆಟ್ಟ ಗಾಳಿ ಎಲ್ಲರಿಗಿಂತ ಜಾಸ್ತಿ ತಟ್ಟುವುದು ಅವರಿಗೇ. ಸುಮ್ನೆ ಕೂತಿರುವ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ನಾಲ್ಕೈದು ವರ್ಷದ ಮಗು 20ರಿಂದ 30 ಸಲ. ಮೈತೂಕಕ್ಕೆ ಹೋಲಿಸಿದರೆ ಮಗು ಒಳಗೆಳೆದುಕೊಳ್ಳುವ ಗಾಳಿ ನಮಗಿಂತ ಜಾಸ್ತಿ. ಅದರ ಶ್ವಾಸಕೋಶ ಇನ್ನೂ ಬೆಳೆಯುತ್ತಿದೆ, ಅದರೊಳಗಿನ ಗಾಳಿಚೀಲಗಳಲ್ಲಿ ಹೆಚ್ಚಿನವು ಹುಟ್ಟಿದ ಮೇಲೆಯೇ ಮೂಡುವಂಥವು. ಮಗು ಆಡುವುದು ನೆಲದ ಮೇಲೆ, ಧೂಳು ಬಂದು ಕೂರುವುದೂ ಅಲ್ಲೇ. ರಸ್ತೆಯಲ್ಲಿ ನಡೆಯುವಾಗ ಅದರ ಮೂಗು ನಮ್ಮ ಸೊಂಟದ ಎತ್ತರದಲ್ಲಿ, ಗಾಡಿಗಳ ಹೊಗೆ ಕೊಳವೆಗೆ ಹತ್ತಿರದಲ್ಲಿ ಇರುತ್ತದೆ.

ಇನ್ನೊಂದು ಲೆಕ್ಕ ಹೇಳುತ್ತೇನೆ. ಇದು ನಿಮಗೆ ಮಾತ್ರ, ಮಕ್ಕಳ ಮುಂದೆ ಹೇಳಬೇಡಿ. ಸೌದೆ, ಇದ್ದಿಲು, ಬೆರಣಿ, ಸೀಮೆಎಣ್ಣೆ ಇಂಥವನ್ನು ಮನೆಯೊಳಗೆ ಉರಿಸಿದಾಗ ಬರುವ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತಿದ್ದಾರೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ 2,37,000ಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳು. ಚಿಮಣಿಯಿಂದಲ್ಲ, ಲಾರಿಯಿಂದಲ್ಲ. ಮನೆಯೊಳಗಿನ ಹೊಗೆಯಿಂದ.

ಸರಿ, ಪಾಠಕ್ಕೆ ಬರೋಣ.

ಮೊದಲ ದಿನ ಕೊಳೆ ಅನ್ನುವ ಮಾತನ್ನೇ ಎತ್ತಬೇಡಿ. ಚಿಕ್ಕ ಮಕ್ಕಳಿಗೆ ಗಾಳಿ ಅಂದರೆ 'ಏನೂ ಇಲ್ಲ' ಅಂತ ಅರ್ಥ. ಖಾಲಿ ಲೋಟ ಅಂದರೆ ಖಾಲಿಯೇ. ಏನೂ ಇಲ್ಲದ್ದು ಕೆಡುವುದು ಹೇಗೆ? ಅದಕ್ಕೇ ಗಾಳಿ ಒಂದು ವಸ್ತು ಅನ್ನುವುದು ಮೊದಲು ಮನಸ್ಸಿಗೆ ಇಳಿಯಬೇಕು. ಒಂದು ಲೋಟದ ತಳಕ್ಕೆ ಕಾಗದ ತುರುಕಿ, ಲೋಟವನ್ನು ಬೋರಲು ಹಿಡಿದು, ನೀರು ತುಂಬಿದ ಬಕೆಟ್ಟಿನೊಳಗೆ ನೇರವಾಗಿ ಇಳಿಸಿ. ಹೊರಗೆ ತೆಗೆದಾಗ ಕಾಗದ ಒಣಗಿದ್ದೇ ಇರುತ್ತದೆ. 'ನೀರು ಯಾಕೆ ಒಳಗೆ ಹೋಗಲಿಲ್ಲ?' ಅಂತ ಕೇಳಿ, ಸುಮ್ಮನಿರಿ. ಉತ್ತರ ನೀವೇ ಹೇಳಿಬಿಡಬೇಡಿ. ಒಬ್ಬರಲ್ಲ ಒಬ್ಬರು 'ಒಳಗೆ ಆಗಲೇ ಏನೋ ಇತ್ತು' ಅನ್ನುತ್ತಾರೆ. ಆ 'ಏನೋ' ಅನ್ನುವ ಮಾತಿಗಾಗಿ ಎಷ್ಟು ಹೊತ್ತು ಬೇಕಾದರೂ ಕಾಯಬಹುದು.

ಆಮೇಲೆ ಕೋಣೆ ಕತ್ತಲು ಮಾಡಿ ಟಾರ್ಚ್ ಹಾಕಿ. ಬೆಳಕಿನ ಕೋಲಿನಲ್ಲಿ ಧೂಳು ತೇಲುತ್ತಿರುತ್ತದೆ. ಪಕ್ಕದಲ್ಲೇ ಒಂದು ಹಳೇ ದಿಂಬು ಕೊಡವಿದರೆ ಮಕ್ಕಳ ಬಾಯಿಂದ 'ಅಬ್ಬಾ' ಬರುತ್ತದೆ. ಜಾನ್ ಟಿಂಡಲ್ ಎಂಬ ವಿಜ್ಞಾನಿ ಲಂಡನ್ನಿನಲ್ಲಿ 1870ರ ಸುಮಾರಿಗೆ ಮಾಡಿ ತೋರಿಸಿದ್ದೂ ಹೆಚ್ಚುಕಡಿಮೆ ಇದನ್ನೇ. ಚೊಕ್ಕಟವಾಗಿ ಕಾಣುವ ಕೋಣೆಯ ಗಾಳಿಗೆ ಜೋರು ಬೆಳಕು ಬಿಟ್ಟು, ಅದರಲ್ಲಿ ಎಷ್ಟು ಧೂಳು ತೇಲುತ್ತಿದೆ ಅಂತ ಜನರಿಗೆ ತೋರಿಸಿದರು. ಇಲ್ಲೇ ಪೊರಕೆಯ ವಿಷಯವೂ ಬರುತ್ತದೆ. ಒಣ ಪೊರಕೆಯಲ್ಲಿ ಒಮ್ಮೆ ಗುಡಿಸಿ, ಟಾರ್ಚ್ ಹಾಕಿ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಹಾಕಿ. ನಾನೇನೂ ವಿವರಿಸುವುದಿಲ್ಲ, ಅವರೇ ನೋಡಿಕೊಳ್ಳುತ್ತಾರೆ.

ಈಗ ಮೇಣದಬತ್ತಿ. ಇದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು ನನಗೆ, ಯಾಕೆಂದರೆ ಮಕ್ಕಳಿಗೆ ತೋರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ನನಗಂತೂ ಸಿಕ್ಕಿಲ್ಲ. ಮೈಕೆಲ್ ಫ್ಯಾರಡೆ ಎಂಬ ವಿಜ್ಞಾನಿ ಲಂಡನ್ನಿನಲ್ಲಿ ಮಕ್ಕಳಿಗಾಗಿ ಸಾಲಾಗಿ ಉಪನ್ಯಾಸ ಕೊಟ್ಟಾಗ, 1848ರಲ್ಲಿ ಒಮ್ಮೆ, 1860ರಲ್ಲಿ ಮತ್ತೊಮ್ಮೆ, ಪೂರ್ತಿ ಉಪನ್ಯಾಸಮಾಲೆಗೆ ಒಂದು ಮೇಣದಬತ್ತಿಯನ್ನೇ ಆರಿಸಿಕೊಂಡಿದ್ದರು.

ಬತ್ತಿ ಹಚ್ಚಿ ಮೇಜಿನ ಮೇಲಿಡಿ. ಮಕ್ಕಳು ಒಂದು ಮಾರು ದೂರ ಕೂರಲಿ, ಕೂದಲು ಹಿಂದಕ್ಕೆ ಕಟ್ಟಿರಲಿ, ಪಕ್ಕದಲ್ಲಿ ನೀರಿರಲಿ. ಚಮಚ ಹಿಡಿಯುವವರು ನೀವೇ. ಸ್ಟೀಲ್ ಚಮಚದ ಬೆನ್ನನ್ನು ಜ್ವಾಲೆಯ ಹಳದಿ ಭಾಗದೊಳಗೆ ಮೂರ್ನಾಲ್ಕು ಸೆಕೆಂಡ್ ಹಿಡಿದು ತೆಗೆಯಿರಿ. ಹೊಳೆಯುತ್ತಿದ್ದ ಚಮಚದ ಮೇಲೆ ಮಖಮಲ್ಲಿನಂಥ ಕಪ್ಪು ಮಚ್ಚೆ ಕೂತಿರುತ್ತದೆ. ಚಮಚ ತಣ್ಣಗಾಗಲಿ. ಆಮೇಲೆ ಒಂದೊಂದು ಮಗುವೂ ಬಿಳಿ ಕಾಗದದಲ್ಲಿ ಅದನ್ನು ಒರೆಸಲಿ, ಬೆರಳಿಂದ ಮುಟ್ಟಲಿ. ಮಸಿ ಎಷ್ಟು ನಯ ಅಂದರೆ ಬೆರಳಿಗೆ ಏನೂ ಹತ್ತಿದ ಹಾಗೇ ಅನ್ನಿಸುವುದಿಲ್ಲ, ನೋಡಿದರೆ ಬೆರಳೆಲ್ಲ ಕಪ್ಪು.

'ಈ ಮಸಿ ಎಲ್ಲಿತ್ತು?' ಅಂತ ಕೇಳಿ. ಬತ್ತಿಯಲ್ಲಿತ್ತು ಅನ್ನುತ್ತಾರೆ, ಚಮಚದಲ್ಲಿತ್ತು ಅನ್ನುತ್ತಾರೆ. ನಿಜ ಏನೆಂದರೆ ಅದು ಜ್ವಾಲೆಯಲ್ಲೇ ಇತ್ತು. ಮೇಣದಬತ್ತಿಯ ಆ ಚಂದದ ಹಳದಿ ಬೆಳಕು ಇದೆಯಲ್ಲ, ಅದು ಕಾದು ಹೊಳೆಯುತ್ತಿರುವ ಮಸಿಯ ಬೆಳಕು. ಚೆನ್ನಾಗಿ ಉರಿದರೆ ಮಸಿಯಲ್ಲಿ ಹೆಚ್ಚಿನದು ಜ್ವಾಲೆಯ ತುದಿಯಲ್ಲೇ ಸುಟ್ಟುಹೋಗುತ್ತದೆ. ಗಾಳಿಗೆ ಜ್ವಾಲೆ ಅಲುಗಾಡಿದರೆ, ಬತ್ತಿ ಉದ್ದವಾಗಿದ್ದರೆ, ಸುಡದೇ ತಪ್ಪಿಸಿಕೊಂಡು ಕೋಣೆಗೆ ಬರುತ್ತದೆ. ಗ್ಯಾಸ್ ಒಲೆಯ ನೀಲಿ ಉರಿಯಲ್ಲಿ ಮಸಿ ಇಲ್ಲವೆಂದೇ ಹೇಳಬಹುದು, ಅದೇ ಉರಿ ಹಳದಿಗೆ ತಿರುಗಿದರೆ ಪಾತ್ರೆಯ ತಳ ಕಪ್ಪಾಗುತ್ತದೆ. ಬರ್ನರ್ ತೊಳೆಯುವ ಹೊತ್ತು ಬಂತು ಅಂತ ಅರ್ಥ. ನೀಲಿ ಉರಿಯೂ ಪೂರ್ತಿ ನಿರಪಾಯ ಅಂದುಕೊಳ್ಳಬೇಡಿ, ಅದರಿಂದಲೂ ನೈಟ್ರೋಜನ್ ಡೈಆಕ್ಸೈಡ್ ಎಂಬ ಕಣ್ಣಿಗೆ ಕಾಣದ ಅನಿಲ ಬರುತ್ತದೆ. ಅದಕ್ಕೇ ಗ್ಯಾಸ್ ಇದ್ದರೂ ಕಿಟಕಿ ಬೇಕು, ಎಕ್ಸಾಸ್ಟ್ ಫ್ಯಾನ್ ಬೇಕು.

ಚಮಚದ ಆಟ ಆಡಿದ ಮಗುವಿಗೆ 'ಏನನ್ನೇ ಉರಿಸಿದರೂ ಗಾಳಿಗೆ ಏನೋ ಸೇರುತ್ತದೆ' ಅಂತ ಒಮ್ಮೆ ಹೇಳಿದರೆ ಸಾಕು. ಅಗರಬತ್ತಿ, ಸಿಗರೇಟು, ಸೊಳ್ಳೆ ಬತ್ತಿ, ಮನೆ ಹಿಂದೆ ಸುಡುವ ಕಸ, ಎಲ್ಲದಕ್ಕೂ ಅದು ತಾನೇ ಜೋಡಿಸಿಕೊಳ್ಳುತ್ತದೆ. ಸೊಳ್ಳೆ ಬತ್ತಿಯ ಬಗ್ಗೆ ದೊಡ್ಡವರಿಗೆ ಒಂದು ಮಾತು ಹೇಳಲೇಬೇಕು. 2003ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಒಂದು ಸುರುಳಿ ಬತ್ತಿ ಪೂರ್ತಿ ಉರಿದರೆ ಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟು ಸುಟ್ಟಷ್ಟು ಅಂತ ಕಂಡುಬಂತು. ನಾವು ಅದನ್ನು ಹಚ್ಚಿಡುವುದು ಮಕ್ಕಳು ಮಲಗಿರುವ ಕೋಣೆಯಲ್ಲಿ, ಬಾಗಿಲು ಹಾಕಿ, ರಾತ್ರಿಯಿಡೀ. ಸೊಳ್ಳೆಯಿಂದ ಬರುವ ಕಾಯಿಲೆಯೂ ಚಿಕ್ಕದಲ್ಲ, ಒಪ್ಪುತ್ತೇನೆ. ಆದರೆ ಸೊಳ್ಳೆ ಪರದೆಗೆ ಹೊಗೆ ಇಲ್ಲ, ಅಲ್ವಾ?

ಇನ್ನು ಮೂಗಿನ ಪಾಠ. ಆ ಹುಡುಗಿಯ ಹೂವಿನ ವಾಸನೆಗೆ ಉತ್ತರ ಇಲ್ಲಿದೆ.

ಮಕ್ಕಳನ್ನು ಕೋಣೆ ತುಂಬ ದೂರದೂರ ಕೂರಿಸಿ, ಕಣ್ಣು ಮುಚ್ಚಿಸಿ. ಒಂದು ಮೂಲೆಯಲ್ಲಿ ನಿಂತು ಕಿತ್ತಳೆ ಸಿಪ್ಪೆ ಸುಲಿದು ಚೆನ್ನಾಗಿ ಹಿಂಡಿ. ವಾಸನೆ ಬಂದ ಕೂಡಲೇ ಕೈ ಎತ್ತಬೇಕು, ಮಾತಾಡಬಾರದು. ಹತ್ತಿರದವರ ಕೈ ಮೊದಲು ಏಳುತ್ತದೆ, ಆಮೇಲೆ ಅವರ ಹಿಂದಿನವರದು, ಹೀಗೆ ಕೈಗಳು ಒಂದೊಂದಾಗಿ ಏಳುತ್ತಾ ಕೋಣೆಯ ಆ ತುದಿಗೆ ಹೋಗುತ್ತವೆ. ಫ್ಯಾನ್ ಹಾಕಿದ್ದರೆ ಬೇರೆ ದಾರಿ ಹಿಡಿಯುತ್ತವೆ. ಕಣ್ಣು ತೆರೆಸಿ ಹೇಳಿ: 'ನಿನಗೆ ವಾಸನೆ ಬಂತು ಅಂದರೆ ಈ ಸಿಪ್ಪೆಯ ತುಂಬಾ ತುಂಬಾ ಚಿಕ್ಕ ತುಣುಕುಗಳು ಹಾರಿಕೊಂಡು ನಿನ್ನ ಮೂಗಿನೊಳಗೆ ಬಂದಿವೆ ಅಂತ.'

ಈ ಒಂದು ವಾಕ್ಯ ತಲೆಗೆ ಹೋದರೆ ಸಾಕು. ಸ್ಪ್ರೇ ಹೊಡೆದಾಗ ಕೆಟ್ಟ ವಾಸನೆ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿಲ್ಲ. ಅದರ ಮೇಲೆ ಇನ್ನೊಂದು ಬಂದು ಕೂತಿದೆ, ಅಷ್ಟೇ. ಗಾಳಿಯಿಂದ ಏನನ್ನೂ ತೆಗೆದಿಲ್ಲ, ಹೊಸದಾಗಿ ಸೇರಿಸಿದ್ದೇವೆ. ನೈಲ್ ಪಾಲಿಶ್ ವಾಸನೆ, ಹೊಸ ಪೇಂಟಿನ ವಾಸನೆ, ಮಾರ್ಕರ್ ಪೆನ್ನಿನ ವಾಸನೆ, ಕೆಲವು ಮಕ್ಕಳಿಗೆ ಬಲು ಇಷ್ಟವಾಗುವ ಪೆಟ್ರೋಲ್ ವಾಸನೆ, ಎಲ್ಲದಕ್ಕೂ ಇದೇ ವಾಕ್ಯ. ನೆಲ ಒರೆಸುವ ದ್ರಾವಣಗಳಿಗೆ ನಿಂಬೆ, ಕಿತ್ತಳೆ ವಾಸನೆ ಕೊಡುವ ಲಿಮೋನೀನ್ ಎಂಬ ವಸ್ತು ಗಾಳಿಯಲ್ಲಿರುವ ಓಝೋನ್ ಎಂಬ ಅನಿಲದ ಜೊತೆ ಸೇರಿದರೆ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲ ಮತ್ತು ಅತಿ ಸಣ್ಣ ಕಣಗಳು ಹುಟ್ಟುತ್ತವೆ. ಸಿಪ್ಪೆಯ ಪರಿಮಳವೂ ಇದೇ ಲಿಮೋನೀನ್. ತರಗತಿಯಲ್ಲಿ ಒಂದು ಹಣ್ಣು ಸುಲಿದರೆ ಏನೂ ಆಗುವುದಿಲ್ಲ, ಕಿಟಕಿ ಮುಚ್ಚಿ ದಿನಾ ಹೊಡೆಯುವುದರಲ್ಲಿ ತೊಂದರೆ. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇನ್ನೂ ಮುಂದಕ್ಕೆ ಹೋಗಿ ಹೇಳಿತು. ಕೈಗಾರಿಕೆ ಬೆಳೆದ ನಗರಗಳಲ್ಲಿ ಪೆಟ್ರೋಲಿಯಂ ಮೂಲದಿಂದ ಗಾಳಿಗೆ ಸೇರುವ ಸಾವಯವ (ಅಂದರೆ ಇಂಗಾಲ ಇರುವ) ಆವಿಗಳಲ್ಲಿ ಸುಮಾರು ಅರ್ಧದಷ್ಟು ಪೇಂಟು, ಅಂಟು, ಶಾಯಿ, ಕೀಟನಾಶಕ, ಕ್ಲೀನರು, ಸೆಂಟು ಇಂಥವುಗಳಿಂದ ಬರುತ್ತಿದೆ ಅಂತ. ಗಾಡಿಗಳ ಹೊಗೆ ಕಡಿಮೆಯಾಗುತ್ತಾ ಬಂದ ಹಾಗೆ ನಮ್ಮ ಬಾಟಲಿಗಳ ಪಾಲು ಎದ್ದು ಕಾಣತೊಡಗಿದೆ.

ಮೂಗನ್ನು ನಂಬಿ ಅಂತ ಹೇಳಿಕೊಟ್ಟ ಮೇಲೆ ಮೂಗಿಗೂ ಗೊತ್ತಾಗದ್ದು ಇದೆ ಅಂತ ಹೇಳಿಕೊಡಲೇಬೇಕು. ಸರಿಯಾಗಿ ಉರಿಯದಿದ್ದಾಗ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಬಾರದು, ಮನೆಯೊಳಗೆ ಜನರೇಟರ್ ಓಡಿಸಬಾರದು, ಬಾಗಿಲು ಹಾಕಿದ ಗ್ಯಾರೇಜಿನಲ್ಲಿ ಗಾಡಿ ಚಾಲೂ ಬಿಡಬಾರದು. ಇದರಲ್ಲಿ ಪ್ರಯೋಗ ಇಲ್ಲ, ಆಟ ಇಲ್ಲ. ನಿಯಮ ಅಷ್ಟೇ.

ಬಾಟಲಿಗಳಿಗೂ ಒಂದು ನಿಯಮ. ಒಂದು ಕ್ಲೀನರನ್ನು ಇನ್ನೊಂದರ ಜೊತೆ ಬೆರೆಸಬಾರದು. ಬ್ಲೀಚಿಗೆ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಸೇರಿದರೆ ಕ್ಲೋರೀನ್ ಅನಿಲ ಏಳುತ್ತದೆ. ಅಮೋನಿಯಾ ಸೇರಿದರೆ ಕ್ಲೋರಮೀನ್. ಎರಡೂ ಶ್ವಾಸಕೋಶವನ್ನು ಸುಡುವಂಥವು. ಇದನ್ನು ಚಿಕ್ಕದಾಗಿಯೂ ಮಾಡಿ ತೋರಿಸಬೇಡಿ, ದಯವಿಟ್ಟು. ಮಕ್ಕಳು ನೋಡಿದ್ದನ್ನು ಮನೆಗೆ ಹೋಗಿ ಮಾಡುತ್ತಾರೆ.

ಜೆಲ್ಲಿ ಕಾರ್ಡಿನ ಪ್ರಯೋಗ ನಿಮಗೆಲ್ಲ ಗೊತ್ತಿರಬಹುದು. ಬಿಳಿ ಕಾರ್ಡಿಗೆ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಸವರಿ ಕಿಟಕಿ, ಒಲೆ, ಹಾಸಿಗೆ ಹತ್ತಿರ ಮೂರು ದಿನ ಇಟ್ಟು ಭೂತಗನ್ನಡಿಯಲ್ಲಿ ನೋಡುವುದು. ಒಳ್ಳೆಯದೇ. ಆದರೆ ಅಲ್ಲಿ ಕಾಣುವುದು ದಪ್ಪ ಧೂಳು, ಎಳೆ, ಕೂದಲು. ಹೆಚ್ಚು ಹಾನಿ ಮಾಡುವ ಪಿಎಂ 2.5 ಎಂಬ ಅತಿ ಸಣ್ಣ ಕಣಗಳು ಭೂತಗನ್ನಡಿಗೂ ಸಿಗುವುದಿಲ್ಲ. ಮೂವತ್ತು ಕಣಗಳನ್ನು ಸಾಲಾಗಿಟ್ಟರೆ ಹೆಚ್ಚುಕಡಿಮೆ ಒಂದು ತಲೆಕೂದಲಿನ ಅಗಲ. ಹಾಗಾಗಿ ಕಾರ್ಡ್ ಬೆಳ್ಳಗಿದ್ದರೆ ಗಾಳಿ ಚೊಕ್ಕಟ ಅನ್ನುವ ತೀರ್ಮಾನಕ್ಕೆ ಮಕ್ಕಳನ್ನು ಬಿಡಬೇಡಿ. ಒಂದು ಕೂದಲು ಕೈಗೆ ಕೊಟ್ಟು, 'ಇದರ ಅಗಲದಲ್ಲಿ ಮೂವತ್ತು ಜನ ನಿಲ್ಲಬಹುದು' ಅನ್ನಿ. ನಾನು ಹೀಗೆ ಹೇಳಿದಾಗ ಒಬ್ಬ ಹುಡುಗ ಆ ಕೂದಲನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡುತ್ತಾ ನಿಂತಿದ್ದ.

ಕುಂಡದ ಗಿಡಗಳ ವಿಷಯದಲ್ಲೂ ಮಕ್ಕಳಿಗೆ ನಿಜ ಹೇಳೋಣ. ಮನೆಯೊಳಗೆ ಗಿಡ ಇಟ್ಟರೆ ಗಾಳಿ ಶುದ್ಧ ಅನ್ನುವ ಮಾತಿಗೆ ಜನ ಕೊಡುವ ಆಧಾರ 1989ರ ನಾಸಾ ಪ್ರಯೋಗ. ಅದು ನಡೆದದ್ದು ಚಿಕ್ಕ ಮುಚ್ಚಿದ ಪೆಟ್ಟಿಗೆಗಳಲ್ಲಿ. 2019ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಮಾಮೂಲಿ ಕಟ್ಟಡದಲ್ಲಿ ಗಾಳಿಯಾಡುವುದರಿಂದ ಆಗುವಷ್ಟು ಕೆಲಸ ಗಿಡಗಳಿಂದ ಆಗಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಅಂತ ಗೊತ್ತಾಯಿತು. ಗಿಡ ಇಡಿ, ಮಕ್ಕಳಿಗೆ ನೀರು ಹಾಕಲು ಹೇಳಿ, ಖುಷಿಯಾಗಿರುತ್ತದೆ. ಕಿಟಕಿ ಮಾತ್ರ ತೆಗೆಯಿರಿ.

ಈಗ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು. ಇವತ್ತು ಇಲ್ಲಿಗೆ ಬಂದಿರುವುದೇ ಮುಖ್ಯವಾಗಿ ಇದನ್ನು ಹೇಳುವುದಕ್ಕೆ.

ಹಲವು ವರ್ಷಗಳ ಹಿಂದೆ ಒಂದು ತರಗತಿಯಲ್ಲಿ ಚಮಚದ ಪ್ರಯೋಗ ಮುಗಿಸಿ, ಹುರುಪಿನಲ್ಲಿ, 'ಯಾರ ಮನೆಯಲ್ಲಿ ಸೌದೆ ಒಲೆ ಇದೆ, ಕೈ ಎತ್ತಿ' ಅಂದೆ. ಒಬ್ಬ ಹುಡುಗಿಯ ಕೈ ಮೇಲೆದ್ದಿತು. ಸುತ್ತ ನೋಡಿದಳು. ಬೇರೆ ಯಾರ ಕೈಯೂ ಎದ್ದಿರಲಿಲ್ಲ. ಮೆಲ್ಲಗೆ ಕೈ ಇಳಿಸಿ ಡೆಸ್ಕಿನ ಕೆಳಗೆ ಇಟ್ಟುಕೊಂಡಳು. ಅಷ್ಟು ಹೊತ್ತು ಮಸಿ ಕೆಟ್ಟದ್ದು, ಹೊಗೆ ಕೆಟ್ಟದ್ದು ಅಂತ ಹೇಳಿದ್ದು ನಾನೇ. ಆ ಹೊಗೆಯಲ್ಲಿ ಕೂತು ಅವಳಿಗೆ ಅಡುಗೆ ಮಾಡಿ ಹಾಕುವವರು ಅವಳಮ್ಮ. ನಾನು ಆ ಮಗುವಿನ ಮನಸ್ಸಿಗೆ ಏನು ಹಾಕಿ ಕಳಿಸಿದೆ? ಅವತ್ತಿನ ಆ ಕೈ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಜಗತ್ತಿನಲ್ಲಿ ಸುಮಾರು 200 ಕೋಟಿ ಜನ ಈಗಲೂ ಹೊಗೆಯ ಒಲೆಯಲ್ಲೇ ಅಡುಗೆ ಮಾಡುತ್ತಾರೆ. ಬೇರೆ ದಾರಿ ಇಲ್ಲದ್ದಕ್ಕೆ ಮಾಡುತ್ತಾರೆ. ದಮ್ಮು ಇರುವ ಮಗು, ಅಪ್ಪ ಸಿಗರೇಟು ಸೇದುವ ಮಗು, ಪೇಂಟಿಂಗ್ ಕೆಲಸಕ್ಕೆ ಹೋಗುವವರ ಮಗು, ಎಲ್ಲರೂ ನಮ್ಮ ಎದುರಿಗೇ ಕೂತಿರುತ್ತಾರೆ. ಅದಕ್ಕೇ ನಾನೀಗ ಮನೆಯ ಬಗ್ಗೆ ಕೈ ಎತ್ತಿಸುವುದಿಲ್ಲ. 'ನಿಮ್ಮ ಮನೆ' ಅನ್ನುವುದಿಲ್ಲ. ಹಲಗೆಯ ಮೇಲೆ ಒಂದು ಮನೆ ಬರೆದು 'ಈ ಮನೆಯಲ್ಲಿ' ಅನ್ನುತ್ತೇನೆ. ಮನೆಗೆ ಹೋಗಿ ಅಮ್ಮನಿಗೆ ಬುದ್ಧಿ ಹೇಳಿ ಅಂತ ಯಾವತ್ತೂ ಕಳಿಸುವುದಿಲ್ಲ. ಹೇಳುವುದೇನಿದ್ದರೂ ನಾವು ಅಮ್ಮನಿಗೇ ಹೇಳಬೇಕು, ಮಗುವನ್ನು ದೂತನನ್ನಾಗಿ ಮಾಡಬಾರದು.

ಮಗುವಿಗೆ ಅದರ ಕೈಯಲ್ಲಿ ಆಗುವ ಕೆಲಸ ಕೊಡಿ. ಬೆಳಿಗ್ಗೆ ತರಗತಿಯ ಕಿಟಕಿ ತೆಗೆಯುವ ಕೆಲಸ, ಇವತ್ತು ಒಬ್ಬರಿಗೆ, ನಾಳೆ ಇನ್ನೊಬ್ಬರಿಗೆ. ಮಾರ್ಕರ್, ಅಂಟಿನ ಮುಚ್ಚಳ ಹಾಕುವ ಕೆಲಸ. ಕಪ್ಪು ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುವ ಕೆಲಸ. ಶಾಲೆಯ ಗೇಟಿನ ಮುಂದೆ ಗಾಡಿಗಳ ಎಂಜಿನ್ ಆಫ್ ಮಾಡಿ ಅಂತ ಬೋರ್ಡ್ ಬರೆಯುವ ಕೆಲಸ, ಇದನ್ನಂತೂ ಅವರು ತುಂಬಾ ಶ್ರದ್ಧೆಯಿಂದ ಮಾಡುತ್ತಾರೆ.

ಭಯ ಆಗುತ್ತದೆ ಅನ್ನುವ ಮಕ್ಕಳಿಗೆ ನಾನು ಸ್ಪ್ರೇ ಡಬ್ಬಿಯ ಕಥೆ ಹೇಳುತ್ತೇನೆ. ಹಿಂದೆ ಸ್ಪ್ರೇ ಡಬ್ಬಿಗಳಲ್ಲಿ, ಫ್ರಿಜ್ಜುಗಳಲ್ಲಿ ಸಿಎಫ್‌ಸಿ ಅನ್ನುವ ಅನಿಲ ತುಂಬುತ್ತಿದ್ದರು. ಅದು ಆಕಾಶದಲ್ಲಿ ತುಂಬಾ ಎತ್ತರದಲ್ಲಿರುವ ಓಝೋನ್ ಪದರವನ್ನು ತಿನ್ನುತ್ತದೆ ಅಂತ 1974ರಲ್ಲಿ ಮರಿಯೊ ಮೊಲಿನಾ, ಶೆರ್ವುಡ್ ರೋಲಂಡ್ ಎಂಬ ಇಬ್ಬರು ವಿಜ್ಞಾನಿಗಳು ಹೇಳಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಆ ಪದರ ತೆಳುವಾಗಿದ್ದು ಪತ್ತೆಯಾಯಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್‌ನಲ್ಲಿ ದೇಶಗಳು ಸೇರಿ ಅದನ್ನು ನಿಲ್ಲಿಸುವ ಒಪ್ಪಂದ ಮಾಡಿಕೊಂಡವು, ಮುಂದೆ ಜಗತ್ತಿನ ಎಲ್ಲ ದೇಶಗಳೂ ಅದಕ್ಕೆ ಸೇರಿದವು. ಪದರ ಈಗ ಮೆಲ್ಲಗೆ ಸರಿಯಾಗುತ್ತಿದೆ. (ಮೇಲಿರುವ ಓಝೋನ್ ನಮಗೆ ಬೇಕು, ಉಸಿರಾಡುವ ಎತ್ತರದಲ್ಲಿ ಅದೇ ಓಝೋನ್ ಬೇಡ. ಇದನ್ನು ಸ್ವಲ್ಪ ದೊಡ್ಡ ಮಕ್ಕಳಿಗೆ ಹೇಳಿ.) ಮಕ್ಕಳು ಒಂದೇ ಪ್ರಶ್ನೆ ಕೇಳುತ್ತಾರೆ: 'ದೊಡ್ಡವರು ಮಾತು ಕೇಳಿದರಾ?' ಹೌದು, ಕೇಳಿದರು.

ಕೊನೆಯಲ್ಲಿ ಸಭೆಯಿಂದ ಬಂದ ಒಂದು ಪ್ರಶ್ನೆ ಮತ್ತು ನನ್ನ ಉತ್ತರ. 'ನಮ್ಮ ಶಾಲೆ ದೊಡ್ಡ ರಸ್ತೆ ಪಕ್ಕದಲ್ಲೇ ಇದೆ. ಹೊರಗಿನ ಗಾಳಿಯೇ ಕೆಟ್ಟಿರುವಾಗ ಕಿಟಕಿ ತೆಗೆದು ಏನು ಪ್ರಯೋಜನ?' ಅಂತ ಒಬ್ಬ ಶಿಕ್ಷಕಿ ಕೇಳಿದರು. ನ್ಯಾಯವಾದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ರ ವಾರ್ಷಿಕ ಮಿತಿಯನ್ನು ಘನ ಮೀಟರಿಗೆ 10 ಮೈಕ್ರೋಗ್ರಾಂನಿಂದ 5ಕ್ಕೆ ಇಳಿಸಿತು, ಜಗತ್ತಿನ ನೂರಕ್ಕೆ 99 ಜನ ಅದರ ಮಾರ್ಗಸೂಚಿ ಮಟ್ಟಕ್ಕಿಂತ ಕೆಟ್ಟ ಗಾಳಿಯನ್ನೇ ಉಸಿರಾಡುತ್ತಿದ್ದಾರೆ. ಗಾಡಿಗಳ ದಟ್ಟಣೆ ಇರುವ ಹೊತ್ತಿನಲ್ಲಿ ರಸ್ತೆ ಕಡೆಯ ಕಿಟಕಿ ಮುಚ್ಚಿ, ಅಂಗಳದ ಕಡೆಯದನ್ನು ತೆಗೆಯಿರಿ. ದಟ್ಟಣೆ ಇಳಿದ ಮೇಲೆ ಎರಡೂ ಕಡೆ ತೆಗೆದು ಹತ್ತು ನಿಮಿಷ ಗಾಳಿ ಹಾಯಲು ಬಿಡಿ. ಒಳಗೆ ಏನನ್ನೂ ಉರಿಸಬೇಡಿ, ಸ್ಪ್ರೇ ಬೇಡ, ಮಕ್ಕಳು ಬರುವ ಮುಂಚೆಯೇ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿರಲಿ. ಯಾವ ಕಿಟಕಿಯನ್ನು ಎಷ್ಟು ಹೊತ್ತಿಗೆ ತೆಗೆಯಬೇಕು ಅನ್ನುವುದನ್ನು ಮಕ್ಕಳೇ ಒಂದು ವಾರ ನೋಡಿ ಹೇಳಲಿ ಅಂದೆ. ಒಬ್ಬರು ಗಾಡಿ ಎಣಿಸಲಿ, ಒಬ್ಬರು ಗಡಿಯಾರ ನೋಡಲಿ. ಆ ಶಿಕ್ಷಕಿ ಬರೆದುಕೊಳ್ಳುತ್ತಿದ್ದರು, ನಡುವೆ ತಲೆ ಎತ್ತಿ, 'ಸೋಮವಾರವೇ ಶುರು ಮಾಡುತ್ತೇನೆ' ಅಂದರು.